ಫ್ಲೆಕ್ಸಿನ ಮೇಲಿನ ಅವ್ವ

ಪೈಲಟ್ ಆಗಲು ಏನೇನು ಬೇಕು ಅಂತ ಯಾರಾದರೂ ಕೇಳಿದರೆ ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಓದಿರಬೇಕು. ಕಣ್ಣು, ಕಿವಿ, ಎದೆ ನೆಟ್ಟಗಿವೆ ಎಂದು ಡಾಕ್ಟರು ಬರೆದುಕೊಡಬೇಕು. ಪರೀಕ್ಷೆಗಳನ್ನು ಪಾಸು ಮಾಡಬೇಕು. ಇನ್ನೂರು ಗಂಟೆ ವಿಮಾನ ಹಾರಿಸಿರಬೇಕು. ಇವು ಸರ್ಕಾರದ ನಿಯಮ. ಅಪ್ಪ ಬರಿಗಾಲಲ್ಲಿ ನಿಲ್ಲಬೇಕು, ಅವ್ವ ಹರಿದ ಸೀರೆ ಉಡಬೇಕು ಎಂಬುದು ಯಾವ ನಿಯಮದಲ್ಲೂ ಇಲ್ಲ. ಅದನ್ನು ಅಕಾಡೆಮಿಯವರು ನಮಗೆಂದೇ ಸೇರಿಸಿದರು.

ನಾನು ಧನುಶ್ರೀ. ಮೂಗೂರಿನ ಆಚೆ ನಮ್ಮೂರು. ಅಪ್ಪ ಪುಟ್ಟಬಸವಯ್ಯ ಪಂಚಾಯ್ತಿಯ ವಾಟರ್‌ಮ್ಯಾನ್. ಊರಿಗೆಲ್ಲ ನೀರು ಬಿಡುತ್ತಾನೆ. ಮೇಲಿನ ಬೀದಿಗೆ ನೀರು ತಡವಾದರೆ ಬೈಸಿಕೊಳ್ಳುತ್ತಾನೆ. ಅದೇ ಬೀದಿಯಲ್ಲಿ ಬಾಯಾರಿ ನೀರು ಕೇಳಿದರೆ ಇವತ್ತಿಗೂ ಪ್ಲಾಸ್ಟಿಕ್ ಲೋಟ ಹುಡುಕುತ್ತಾರೆ. ಟ್ಯಾಂಕಿಗೆ ಇಳಿದು ಪಾಚಿ ಉಜ್ಜುವವನು ಅಪ್ಪ. ಆ ನೀರು ಅವರ ಗಂಟಲಲ್ಲಿ ಇಳಿಯುತ್ತದೆ. ಅವರ ಸ್ಟೀಲ್ ಲೋಟ ಮಾತ್ರ ಅಪ್ಪನ ತುಟಿಗೆ ಬರುವುದಿಲ್ಲ.

ಅವ್ವ ಮಂಚಮ್ಮ ನರಸೀಪುರದಲ್ಲಿ ರೇಷ್ಮೆ ನೂಲು ಬಿಚ್ಚುವ ಶೆಡ್ಡಿನಲ್ಲಿ ಕೂಲಿ. ಕುದಿಯುವ ನೀರಿನಲ್ಲಿ ಗೂಡುಗಳು ತೇಲುತ್ತಿರುತ್ತವೆ. ಅದರೊಳಕ್ಕೆ ಬೆರಳಿಟ್ಟು ನೂಲಿನ ತುದಿ ಹುಡುಕಿ ಎಳೆಯಬೇಕು. ಬೆಳಗಿನಿಂದ ಸಂಜೆವರೆಗೂ ಅದೇ ಕೆಲಸ. ಬೆರಳ ತುದಿಯ ಚರ್ಮ ಬೆಂದು ಬಿಳಿಚಿಕೊಂಡು ಸೀಳುತ್ತದೆ. ಸತ್ತ ಹುಳದ ವಾಸನೆ ಎಷ್ಟು ಸೋಪು ಹಾಕಿದರೂ ಕೈ ಬಿಡುವುದಿಲ್ಲ. ಸಾರಿಗೆ ಉಪ್ಪು ಹಾಕುವಾಗ ಅವ್ವ ಚಮಚ ಕೇಳುತ್ತಾಳೆ. ಬರಿಗೈಲಿ ಮುಟ್ಟಿದರೆ ಉರಿ.

ನಮ್ಮ ಮನೆಗೆ ಒಂದು ಕಟ್ಟಳೆ ಇದೆ. ಯಾವ ಕಚೇರಿಗೆ ಹೋದರೂ ಇಸ್ತ್ರಿ ಹಾಕಿದ ಬಟ್ಟೆಯಲ್ಲೇ ಹೋಗಬೇಕು. ಕಾಲಲ್ಲಿ ಶೂ ಇರಬೇಕು. ನನ್ನ ತಾತ ಬೆಟ್ಟಯ್ಯ ಮೇಲಿನ ಬೀದಿ ದಾಟುವಾಗ ಚಪ್ಪಲಿಯನ್ನು ಕಂಕುಳಲ್ಲಿಟ್ಟುಕೊಂಡು ನಡೆದವನು. ಅದನ್ನು ನೋಡುತ್ತಾ ಹಿಂದೆ ನಡೆದವನು ಅಪ್ಪ. ಗೋಡೆಯ ಮೇಲಿನ ಬಾಬಾಸಾಹೇಬರ ಪಟ ತೋರಿಸಿ ಅಪ್ಪ ಹೇಳುತ್ತಿದ್ದ: "ಕೋಟ್ ನೋಡು ಮಗ. ಶೋಕಿಗಲ್ಲ ಅದು. ನೋಡೋರ್ ಕಣ್ ಬಗ್ಲಿ ಅಂತ." ರೇಷನ್ ಕಾರ್ಡಿನ ತಿದ್ದುಪಡಿಗೆ ತಾಲ್ಲೂಕು ಕಚೇರಿಗೆ ಹೋಗುವಾಗಲೂ ಅಪ್ಪನ ಷರಟಿನ ತೋಳಿನಲ್ಲಿ ಗೆರೆ ಇರುತ್ತಿತ್ತು. ಅಲ್ಲಿನ ಗುಮಾಸ್ತನ ಷರಟು ಮುದುರಿರುತ್ತಿತ್ತು.

ಪಿಯುಸಿ ಆದಮೇಲೆ ನಾನು ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದ ಗಾರ್ಮೆಂಟ್ಸಿಗೆ ಸೇರಿದೆ. ಹಗಲು ಕಾಲರ್ ಹೊಲಿದೆ. ಸಂಜೆ ಹವಾಮಾನ, ನ್ಯಾವಿಗೇಷನ್ ಓದಿದೆ. ಬೆಂಗಳೂರಿಗೆ ಹೋಗಿ ಮೆಡಿಕಲ್ ಮುಗಿಸಿದೆ. ಡಾಕ್ಟರು ನನ್ನ ಕಣ್ಣು ನೋಡಿ, "ಭಾಳ ಚೆನ್ನಾಗಿದೆಯಮ್ಮಾ" ಅಂದರು. ಚೆನ್ನಾಗಿಯೇ ಇದೆ. ಅದಕ್ಕೇ ಎಲ್ಲ ಕಾಣಿಸುತ್ತದೆ.

ಆಮೇಲೆ ಶಾಲೆ ಹುಡುಕಲು ಹೊರಟೆವು. ಪೈಲಟ್ ಶಾಲೆ ಆರಿಸುವುದು ಎಂದರೆ ಜಾತ್ರೆಯಲ್ಲಿ ಬಳೆ ಆರಿಸಿದಂತೆ ಅಂತ ಅಲ್ಲಿನವರು ತಿಳಿದಿದ್ದಾರೆ. ಮಿಂಚುವುದನ್ನೆಲ್ಲ ಮುಂದೆ ಇಡುತ್ತಾರೆ. ಒಂದು ಶಾಲೆಯ ಕಚೇರಿಯಲ್ಲಿ ಗೋಡೆ ತುಂಬ ವಿಮಾನದ ಚಿತ್ರ. ಹೊರಗೆ ನಿಂತಿದ್ದ ನಿಜವಾದ ವಿಮಾನದ ಚಕ್ರದ ಸುತ್ತ ಗರಿಕೆ ಬೆಳೆದಿತ್ತು. ಅಪ್ಪ ಬಗ್ಗಿ ಗರಿಕೆ ಕಿತ್ತು ನೋಡಿ, "ಈ ಇಮಾನ ಮೇಲೆದ್ದು ಒಂದ್ ಮುಂಗಾರು ಕಳ್ದದೆ" ಅಂದ. ಇನ್ನೊಂದು ಶಾಲೆಯವನು, ಪೂರ್ತಿ ಹಣ ಮೊದಲೇ ಕಟ್ಟಿ, ವಿಮಾನ ಮುಂದಿನ ವರ್ಷ ಬರುತ್ತೆ ಅಂದ. ಅವನ ಟೈ ಮಾತ್ರ ಚೆನ್ನಾಗಿತ್ತು.

ಕೊನೆಗೆ ಉಳಿದದ್ದು ಗರುಡಗಿರಿ ಏವಿಯೇಷನ್ ಅಕಾಡೆಮಿ. ಪಕ್ಕದ ಜಿಲ್ಲೆಯ ಬಯಲಲ್ಲಿ ಅವರ ಏರ್‌ಸ್ಟ್ರಿಪ್ ಇತ್ತು. ಬೇಲಿಯಾಚೆ ನಿಂತು ಒಂದು ಇಡೀ ದಿನ ನೋಡಿದೆವು. ವಿಮಾನಗಳು ನಿಜವಾಗಿ ಏರುತ್ತಿದ್ದವು, ಇಳಿಯುತ್ತಿದ್ದವು. ಹುಡುಗರ ಮುಖದಲ್ಲಿ ಬಿಸಿಲು ಇತ್ತು. ಸೇರುವುದಾದರೆ ಇಲ್ಲೇ ಅಂತ ನಿರ್ಧಾರ ಮಾಡಿದೆ.

ಅವರ ಅಡ್ಮಿಷನ್ ಕಚೇರಿ ನಂಜನಗೂಡಿನಲ್ಲಿ, ಒಂದು ಬೇಕರಿಯ ಮೇಲೆ. ಅಪ್ಪ ಮತ್ತು ನಾನು ಹೋದಾಗ ಬಿಳಿಗೆರೆಯ ಶಿವಮಲ್ಲಪ್ಪನವರು ಮಗ ಮದನ್ ಜೊತೆ ಕೂತಿದ್ದರು. ರೈಸ್ ಮಿಲ್ಲಿನ ಸಾಹುಕಾರರು. ಅವರಿಗೆ ಬಾದಾಮಿ ಹಾಲು ಬಂತು. ನಮಗೆ ವಾಟರ್ ಕೂಲರ್ ತೋರಿಸಿದರು. ಮದನ್ ಫಿಸಿಕ್ಸ್ ಅನ್ನು ಎಳೆದಾಡಿ ದಾಟಿದವನು. ಅದನ್ನು ಅವನೇ ನಗುತ್ತಾ ಹೇಳಿಕೊಂಡ. ಅವನಿಗೆ ವಿಮಾನದ ಮಾದರಿಗಳನ್ನು ವಿವರಿಸುತ್ತಿದ್ದ ಕೌನ್ಸೆಲರ್ ಕೋಮಲ ನನ್ನ ಕಡೆ ತಿರುಗಿದ ಕೂಡಲೇ ಬೇರೆ ಪುಸ್ತಕ ತೆಗೆದಳು.

"ಹುಡುಗೀರಿಗೆ ನಮ್ಮಲ್ಲಿ ಕ್ಯಾಬಿನ್ ಕ್ರೂ ಕೋರ್ಸ್ ಇದೆ. ಫೀಸ್ ಕಮ್ಮಿ, ಬೇಗ ಮುಗಿಯುತ್ತೆ."

"ನಾನು ಪೈಲಟ್ ಲೈಸೆನ್ಸಿಗೆ ಬಂದಿರೋದು ಮೇಡಂ."

"ಗ್ರೌಂಡ್ ಸ್ಟಾಫ್ ಕೋರ್ಸೂ ಇದೆ. ಏರ್‌ಪೋರ್ಟಲ್ಲೇ ಕೆಲಸ."

"ಪೈಲಟ್ ಮೇಡಂ."

ಅವಳು ಅಪ್ಪನ ಮುಖ ನೋಡಿದಳು. ಮಗಳಿಗೆ ಜ್ವರ ಬಂದಿರಬಹುದು, ನೀವಾದರೂ ಹೇಳಿ ಅನ್ನುವ ಹಾಗೆ. ಅಪ್ಪ ತನ್ನ ತೋಳಿನ ಗೆರೆ ಸರಿಮಾಡಿಕೊಂಡ. ನಾನು ಕೇಳಿದೆ. ಈಗ ಹಾರುತ್ತಿರುವ ವಿಮಾನಗಳೆಷ್ಟು? ಒಬ್ಬ ಇನ್‌ಸ್ಟ್ರಕ್ಟರಿಗೆ ಎಷ್ಟು ಜನ ವಿದ್ಯಾರ್ಥಿಗಳು? ಹೋದ ಬ್ಯಾಚಿನವರು ಇನ್ನೂರು ಗಂಟೆ ಮುಗಿಸಲು ಎಷ್ಟು ಕಾಲ ಕಾದರು? ಕೋಮಲಗೆ ಗೊತ್ತಿರಲಿಲ್ಲ. ಮದನ್ ತನ್ನ ಅಪ್ಪನನ್ನು ನೋಡಿದ. ಅಂಥ ಪ್ರಶ್ನೆ ಇರುತ್ತದೆ ಅಂತ ಅವರಿಬ್ಬರಿಗೂ ಆಗಲೇ ಗೊತ್ತಾದದ್ದು.

ಒಳಗಿನಿಂದ ಡೈರೆಕ್ಟರ್ ಬಂದರು. ನನ್ನ ಮಾರ್ಕ್ಸ್ ಕಾರ್ಡ್ ನೋಡಿದರು, ಮೆಡಿಕಲ್ ನೋಡಿದರು. "ನಿಮ್ಮ ಬ್ಯಾಕ್‌ಗ್ರೌಂಡ್ ಏನು?" ಅಂದರು. ಅಪ್ಪ ಮುಚ್ಚುಮರೆ ಇಲ್ಲದೆ ಹೇಳಿದ. ಜಾತಿ, ತನ್ನ ಕೆಲಸ, ಅವ್ವನ ಕೆಲಸ. ಡೈರೆಕ್ಟರ್ ಮುಖ ಅರಳಿತು. ನನ್ನ ಮಾರ್ಕ್ಸ್ ಕಾರ್ಡ್ ನೋಡಿದಾಗ ಅಷ್ಟು ಅರಳಿರಲಿಲ್ಲ.

ಬೆಂಗಳೂರಿನ ಒಂದು ಕಂಪನಿ ಇಂಥವರಿಗೆಂದೇ ಒಂದು ಸೀಟಿನ ಅರ್ಧ ಫೀಸು ಕೊಡುತ್ತದೆ ಅಂದರು. 'ಇಂಥವರು' ಎಂದರೆ ಯಾರು ಅಂತ ಬಾಯಿಬಿಟ್ಟು ಹೇಳಲಿಲ್ಲ. ದೊಡ್ಡ ಮನುಷ್ಯರು ನಮ್ಮ ಜಾತಿಯ ಹೆಸರನ್ನು ಬಾಯಲ್ಲಿ ಆಡುವುದಿಲ್ಲ. ಬ್ಯಾಕ್‌ಗ್ರೌಂಡ್ ಅನ್ನುತ್ತಾರೆ. ಉಳಿದ ಅರ್ಧಕ್ಕೆ ಸರ್ಕಾರದ ನಿಗಮದಿಂದ ಸಾಲ ಸಿಗುವುದಿತ್ತು. ಸೀಟು ಹಿಡಿಯಲು ಬುಕಿಂಗ್ ಹಣ ಕಟ್ಟಬೇಕಿತ್ತು. ಅಪ್ಪ ಚೀಟಿ ಎತ್ತಿದ. ಅವ್ವ ಸಂಘದಲ್ಲಿ ಸಾಲ ತೆಗೆದಳು. ನಾನು ನನ್ನ ಪಿಎಫ್ ಬಿಡಿಸಿಕೊಂಡೆ. ಕಟ್ಟಿದೆವು.

ಆ ಮೊದಲ ದಿನ ಮೆಟ್ಟಿಲಿಳಿಯುವಾಗ ಶಿವಮಲ್ಲಪ್ಪನವರು ಅಂದರು: "ನಿಮ್ಗೇನ್ ಬುಡಪ್ಪ ಪುಟ್ಬಸ್ವ. ಸರ್ಕಾರನೂ ಕೊಡ್ತದೆ, ಕಂಪ್ನಿನೂ ಕೊಡ್ತದೆ. ನಮ್ದ್ ನೋಡು, ಬೆವ್ರು ಸುರ್ಸಿ ಕಟ್ಬೇಕು."

ಅಪ್ಪನ ಹೆಸರು ಆಗಷ್ಟೇ ಅವರ ಕಿವಿಗೆ ಬಿದ್ದಿತ್ತು. ಆಗಲೇ ಅದರ 'ಅಯ್ಯ'ನನ್ನು ಕತ್ತರಿಸಿ ಬಿಸಾಡಿದ್ದರು. ಅವರ ಮಿಲ್ಲಿನಲ್ಲಿ ಬೆವರು ಸುರಿಸುವವರು ಯಾರು ಅಂತಲೂ ನನಗೆ ಗೊತ್ತಿತ್ತು. ನನ್ನ ಸೋದರಮಾವ ಚಿಕ್ಕಸ್ವಾಮಿ ಅಲ್ಲಿ ಮೂಟೆ ಹೊರುತ್ತಾನೆ.

ಸ್ವಲ್ಪ ದಿನಕ್ಕೆ ಕೋಮಲ ಫೋನ್ ಮಾಡಿದಳು. ಕಂಪನಿಯವರಿಗೆ ತೋರಿಸಲು ಒಂದು ಸಣ್ಣ ವಿಡಿಯೊ, ಒಂದೆರಡು ಫೋಟೊ ಬೇಕು. ಅಪ್ಪ ಅಮ್ಮನನ್ನೂ ಏರ್‌ಸ್ಟ್ರಿಪ್ಪಿಗೆ ಕರೆದುಕೊಂಡು ಬಾ. "ಸಿಂಪಲ್ಲಾಗಿ ಬನ್ನಿ. ಮನೇಲಿ ಹೇಗಿರ್ತೀರೋ ಹಾಗೇ ಬನ್ನಿ."

ಈ ಮಾತನ್ನು ನಾವು ತಪ್ಪು ತಿಳಿದೆವು. ಮದುವೆಗೆ ಕರೆಯುವವರು ಕಾರ್ಡಿನಲ್ಲಿ ಉಡುಗೊರೆ ಬೇಡ ಅಂತ ಹಾಕಿಸುವುದಿಲ್ಲವೇ? ಹಾಗಂತ ಯಾರಾದರೂ ಬರಿಗೈಲಿ ಹೋಗುತ್ತಾರೆಯೇ? ಇದೂ ಅಂಥದೇ ಮರ್ಯಾದೆಯ ಮಾತು ಅಂದ ಅಪ್ಪ. ಹಿಂದಿನ ದಿನವೇ ಪ್ಯಾಂಟು, ಷರಟಿಗೆ ಇಸ್ತ್ರಿ ಹೊಡೆದ. ಶೂಗೆ ಪಾಲಿಶ್ ಹಾಕಿದ. ಅವ್ವ ಪೆಟ್ಟಿಗೆಯಿಂದ ತನ್ನ ರೇಷ್ಮೆ ಸೀರೆ ತೆಗೆದಳು. ಎಷ್ಟು ಸೀರೆಗೆ ನೂಲು ತೆಗೆದಿದ್ದಾಳೋ ಲೆಕ್ಕವಿಲ್ಲ, ಅವಳಿಗೆ ಇದ್ದದ್ದು ಅದೊಂದೇ. ಕಂತಿನಲ್ಲಿ ಕೊಂಡದ್ದು. ಮಾವಿನ ಹಸಿರು, ಮೆರೂನ್ ಅಂಚು. ಉಟ್ಟು ನಿಂತಾಗ ನಮ್ಮವ್ವ ಯಾವ ಹೆಡ್‌ಮೇಡಂಗೂ ಕಮ್ಮಿ ಇರಲಿಲ್ಲ.

ಏರ್‌ಸ್ಟ್ರಿಪ್ಪಿನಲ್ಲಿ ಮೊದಲು ನನ್ನ ಕೆಲಸ ಮುಗಿಸಿದರು. ಯಾರದೋ ಬಿಳಿ ಸಮವಸ್ತ್ರ ಕೊಟ್ಟರು. ಹೆಗಲ ಮೇಲೆ ಬಂಗಾರದ ಪಟ್ಟಿ. ಅಂಗಿ ದೊಗಲೆಯಾಗಿತ್ತು. ಬೆನ್ನ ಹಿಂದೆ ಪಿನ್ನು ಚುಚ್ಚಿ ಬಿಗಿ ಮಾಡಿದರು. ವಿಮಾನದ ರೆಕ್ಕೆಯ ಪಕ್ಕ ನಿಲ್ಲಿಸಿ, ಮೇಲೆ ನೋಡು, ನಗು, ಇನ್ನೂ ನಗು ಅಂದರು. ನಕ್ಕೆ. ಸುಳ್ಳು ನಗುವೇನಲ್ಲ. ಆ ರೆಕ್ಕೆ ಬಿಸಿಲಿಗೆ ಬೆಚ್ಚಗಿತ್ತು. ಮುಟ್ಟಿದರೆ ಬಿಡಲು ಮನಸ್ಸಾಗಲಿಲ್ಲ.

ಆಮೇಲೆ ಡೈರೆಕ್ಟರ್ ಅಪ್ಪ ಅವ್ವನನ್ನು ನೋಡಿದರು. ಮುಖ ಸಪ್ಪಗಾಯಿತು.

"ಇದೇನು ಕೋಮಲ? ಇವರು ಮದುವೆಗೆ ಬಂದಂಗಿದಾರೆ. ಹೇಳಿರ್ಲಿಲ್ವಾ?"

"ಹೇಳಿದ್ದೆ ಸರ್. ಸಿಂಪಲ್ಲಾಗಿ ಬನ್ನಿ ಅಂತ."

ಅವ್ವ ಏನೋ ತಪ್ಪಾಯಿತು ಅಂತ ಸೆರಗು ಸರಿಮಾಡಿಕೊಂಡಳು. ಕ್ಯಾಮೆರಾದವನ ಕಣ್ಣು ಅವಳ ಬೆರಳ ಮೇಲೆ ಬಿತ್ತು. ಅವನು ಕೇಳಲಿಲ್ಲ, ಹೇಳಲಿಲ್ಲ. ಅವಳ ಮಣಿಕಟ್ಟು ಹಿಡಿದು ಬಿಸಿಲಿಗೆ ತಿರುಗಿಸಿದ. ಸಂತೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುವ ಹಾಗೆ.

"ಸರ್, ಈ ಕೈ ನೋಡಿ. ಸೂಪರ್. ಕ್ಲೋಸಪ್ ಹಾಕೋಣ. ಆಂಟಿ, ಹಿಂಗೇ ಹಿಡ್ಕೊಳಿ."

ಅವ್ವ ಕೈ ಕಿತ್ತುಕೊಂಡು ಸೆರಗಿನೊಳಗೆ ಇಟ್ಟಳು.

ಡೈರೆಕ್ಟರ್ ಮೆತ್ತಗೆ ವಿವರಿಸಿದರು. ನೋಡುವವರಿಗೆ ಮನಸ್ಸು ಕರಗಬೇಕಂತೆ. ಅವ್ವ ಮಣ್ಣಿನ ಮೇಲೆ ಕೂರಬೇಕು, ಪಕ್ಕದಲ್ಲಿ ಬಿದಿರಿನ ಮಂಕರಿ. ಅಪ್ಪ ಹೆಗಲ ಮೇಲೆ ಟವಲ್ ಹಾಕಿಕೊಂಡು ಬರಿಗಾಲಲ್ಲಿ ನಿಲ್ಲಬೇಕು. ನಾನು ಸಮವಸ್ತ್ರದಲ್ಲಿ ವಿಮಾನದಿಂದ ಇಳಿದು ಬರಬೇಕು. ಕೆಳಗೆ ಬರೆಯುವ ಮಾತು ಆಗಲೇ ಸಿದ್ಧವಾಗಿತ್ತು: 'ಗುಡಿಸಲಿನಿಂದ ಗಗನಕ್ಕೆ'.

"ನಮ್ದು ಗುಡ್ಲಲ್ಲ ಸಾ," ಅಂದ ಅಪ್ಪ. "ಆರ್‌ಸಿಸಿ ಮನೆ. ಸಾಲ ತೀರೋಯ್ತು."

"ಅದು ಸಿಂಬಾಲಿಕ್ ಅಷ್ಟೇ."

ಕೋಮಲ ಪ್ಲಾಸ್ಟಿಕ್ ಕವರಿನಿಂದ ಒಂದು ಸೀರೆ ತೆಗೆದಳು. ಕಂದು ಬಣ್ಣ, ಅಲ್ಲಲ್ಲಿ ಹರಿದದ್ದು. "ಆಂಟಿ, ಇದನ್ನ ಉಟ್ಕೊಂಡು ಬಂದ್ಬಿಡಿ. ಎರಡೇ ನಿಮಿಷ." ಹಾರುವ ಶಾಲೆಯಲ್ಲಿ ಹರಿದ ಸೀರೆಯ ದಾಸ್ತಾನು ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಅವ್ವ ಸೀರೆಯ ಹರುಕನ್ನು ಬೆರಳಲ್ಲಿ ಸವರಿದಳು.

"ಇದು ಸವ್ದು ಅರ್ದಿರದಲ್ಲ. ಒಸ ಸೀರೆಗೆ ಬ್ಲೇಡ್ ಆಕವ್ರೆ. ಯಾಕವ್ವ ಒಳ್ಳೆ ಸೀರೆ ಆಳ್ ಮಾಡಿದ್ದೀರಿ?"

ಡೈರೆಕ್ಟರ್ ಅಪ್ಪನ ಕಡೆ ತಿರುಗಿ, "ನೀವು ಶೂ ಬಿಚ್ಚಿ ಯಜಮಾನ್ರೇ, ಅಷ್ಟರಲ್ಲಿ. ಬೆಳಕು ಹೋಗುತ್ತೆ," ಅಂದರು.

ಅಪ್ಪ ನನ್ನ ಮುಖ ನೋಡಿದ. ನನ್ನ ಹಿಂದಿದ್ದ ವಿಮಾನ ನೋಡಿದ. ಆಮೇಲೆ ಬಗ್ಗಿದ. ಒಂದು ಕಾಲಿನ ಲೇಸು ಎಳೆದ. ಆ ಗಂಟು ಬಿಚ್ಚಿದ್ದು ನನಗೆ ಕಂಡಿತು. ಸೀಟು ಹೋಗುತ್ತದೆ ಅಂತ ಹೆದರಿ ನೋಡುತ್ತಲೇ ನಿಂತೆ.

ಅವ್ವ ಅಪ್ಪನನ್ನು ಯಾವತ್ತೂ ಏಕವಚನದಲ್ಲಿ ಮಾತಾಡಿಸಿದವಳಲ್ಲ. ಅವತ್ತು ಮಾತಾಡಿಸಿದಳು.

"ಕಟ್ಕೊ."

ಅಪ್ಪ ತಲೆ ಎತ್ತಿದ.

"ಲೇಸು ಕಟ್ಕೊ ಅಂದೆ. ಮೇಲಕ್ಕೇಳು."

ಆಮೇಲೆ ಡೈರೆಕ್ಟರಿಗೆ ಅಂದಳು: "ಸಾ, ನನ್ ಮಗ್ಳು ಓದವಳೆ. ಅವಳ್ನ ಕೇಳಿ, ಏನ್ ಬೇಕಾದ್ರೂ ಯೋಳ್ತಳೆ. ನಾವು ಉಟ್ಕಂದ್ ಬಂದಿರದು ಇದೇ. ಇದ್ನೇ ತಗೀರಿ, ಇಲ್ಲಾಂದ್ರೆ ಬುಡಿ. ಆ ಸಾವ್ಕಾರ್ರು ಮಗನ್ ಸೇರ್ಸವ್ರಲ್ಲ, ಅವ್ರನ್ನೂ ಪಂಚೆ ಬಿಚ್ಸಿ ಗದ್ದೆಗಿಳ್ಸಿದ್ದೀರಾ?"

"ಅವರು ಫುಲ್ ಫೀಸ್ ಕಟ್ಟಿದಾರಮ್ಮ," ಅಂದರು ಡೈರೆಕ್ಟರ್. ಧ್ವನಿಯಲ್ಲಿದ್ದ ಬೆಣ್ಣೆ ಕರಗಿತ್ತು. "ನೀವೂ ಕಟ್ಟಿ, ಯಾರೂ ಏನೂ ಕೇಳಲ್ಲ. ಬುಕಿಂಗ್ ಹಣ ವಾಪಸ್ ಬರಲ್ಲ, ತಿಳ್ಕೊಳಿ."

ಅಲ್ಲಿಗೆ ವಿಷಯ ನಿಚ್ಚಳವಾಯಿತು. ಮರ್ಯಾದೆಯೂ ಫೀಸಿನಲ್ಲಿ ಸೇರಿತ್ತು. ಅರ್ಧ ಕಟ್ಟಿದವರಿಗೆ ಅದು ಇಲ್ಲ.

ಹ್ಯಾಂಗರಿನ ಬಾಗಿಲಲ್ಲಿ ಕಸ ಗುಡಿಸುತ್ತಿದ್ದ ಒಬ್ಬ ಹೆಂಗಸು ಎಲ್ಲವನ್ನೂ ನೋಡುತ್ತಾ ನಿಂತಿದ್ದಳು. ನಾವು ಹೊರಡುವಾಗ ಸ್ಟೀಲ್ ಚೊಂಬಿನಲ್ಲಿ ನೀರು ತಂದು ಅವ್ವನಿಗೆ ಕೊಟ್ಟಳು. ಅವ್ವ ಹೆಸರು ಕೇಳಿದಳು. ಶಿವನಂಜಮ್ಮ ಅಂದಳು.

ಬಸ್ಸಿನಲ್ಲಿ ನನ್ನ ಸಿಟ್ಟು ಅವ್ವನ ಮೇಲೆ ತಿರುಗಿತು. "ಎರಡ್ ನಿಮಿಷ ಅಂದ್ರಲ್ಲವ್ವ, ಉಟ್ಕಬೌದಿತ್ತು" ಅಂದೆ.

"ನಾನ್ ಉಡದು ಎರಡ್ ನಿಮ್ಸ," ಅಂದಳು ಅವ್ವ. "ಊರ್ನೋರ್ ನೋಡದು ಏಟ್ ದಿನ?"

ಅಪ್ಪ ಕಿಟಕಿಯಾಚೆ ನೋಡುತ್ತಾ ಕೂತಿದ್ದ.

ಸೀಟು ಹೋಯಿತು, ಅಲ್ಲಿಗೆ ಮುಗಿಯಿತು ಅಂದುಕೊಂಡೆವು. ಅಕಾಡೆಮಿಯವರಿಗೆ ಮುಗಿದಿರಲಿಲ್ಲ. ಒಂದು ಬೆಳಗ್ಗೆ ಗಾರ್ಮೆಂಟ್ಸಿನ ವ್ಯಾನು ನಂಜನಗೂಡು ಬಸ್ ಸ್ಟ್ಯಾಂಡಿನ ಹತ್ತಿರ ತಿರುಗಿದಾಗ ಜೊತೆಯವಳೊಬ್ಬಳು ಕಿರುಚಿದಳು. "ಲೇ ಧನು! ನೀನ್ ಕಣೇ!"

ನಾನೇ. ಮನೆಯಷ್ಟು ಎತ್ತರದ ಫ್ಲೆಕ್ಸ್. ಸಮವಸ್ತ್ರದಲ್ಲಿ ನಾನು ಮೇಲೆ ನೋಡಿ ನಗುತ್ತಿದ್ದೇನೆ. ನನ್ನ ಕಾಲ ಬಳಿ ನೆಲದ ಮೇಲೆ ಒಬ್ಬ ಹೆಂಗಸು. ಕಂದು ಹರಕು ಸೀರೆ, ಪಕ್ಕದಲ್ಲಿ ಮಂಕರಿ, ಕೈ ಮುಗಿದು ನನ್ನ ಕಡೆ ನೋಡುತ್ತಿದ್ದಾಳೆ. ಶಿವನಂಜಮ್ಮ. ಕೆಳಗೆ ದಪ್ಪಕ್ಷರ: 'ಗುಡಿಸಲಿನಿಂದ ಗಗನಕ್ಕೆ. ಕೂಲಿ ತಾಯಿಯ ಕನಸು, ನಮ್ಮ ಕೊಡುಗೆ.' ಮೂಲೆಯಲ್ಲಿ ಶುಭ ಕೋರುವವರು: ಶಿವಮಲ್ಲಪ್ಪನವರು, ಕೂಲಿಂಗ್ ಗ್ಲಾಸು ಹಾಕಿದ ಮದನ್. ಅವರ ಕಾಲ ಬಳಿ ಯಾರೂ ಕೂತಿರಲಿಲ್ಲ.

ನನಗೆ ಅವ್ವ ಸಾಲಲಿಲ್ಲ ಅಂತ ಬೇರೆ ಅವ್ವನನ್ನು ಹುಡುಕಿಕೊಟ್ಟಿದ್ದರು. ಸೀಟು ಕೊಡದಿದ್ದರೂ ಮುಖ ಇಟ್ಟುಕೊಂಡಿದ್ದರು.

ನರಸೀಪುರದಲ್ಲೂ ಒಂದು ನಿಲ್ಲಿಸಿದ್ದರು. ಶೆಡ್ಡಿನ ಮಾಲೀಕ ಎಲ್ಲರೆದುರು ನಕ್ಕನಂತೆ: "ಏನ್ ಮಂಚಮ್ಮ, ಮಗ್ಳು ಪ್ಲೇನ್ ಅತ್ತಿದ್ದೇ ಅವ್ವನ್ನೇ ಬದ್ಲಾಯ್ಸ್‌ಬುಟ್ಲಾ?" ಅವ್ವ ಮನೆಗೆ ಬಂದು ಅಷ್ಟು ಹೇಳಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಾ ಕೂತಳು. ಅಳಲಿಲ್ಲ. ಅತ್ತಿದ್ದರೆ ನಾನು ಮಾರನೇ ದಿನ ಅಷ್ಟು ದೂರ ಹೋಗುತ್ತಿರಲಿಲ್ಲವೇನೋ.

ಅಕಾಡೆಮಿಗೆ ಫೋನ್ ಮಾಡಿದೆ. ಕೋಮಲ ಎತ್ತಲಿಲ್ಲ. ಬೇಕರಿಯ ಮೇಲಿನ ಕಚೇರಿಗೆ ಹೋದೆ. "ಪಬ್ಲಿಸಿಟಿ ಬೇರೆ ಡಿಪಾರ್ಟ್‌ಮೆಂಟು" ಅಂದರು. ನಾನು ಗಾರ್ಮೆಂಟ್ಸಿನಿಂದ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಕೇಳಿ ತಂದಿದ್ದೆ. ಮಟಮಟ ಮಧ್ಯಾಹ್ನ. ಬಸ್ ಸ್ಟ್ಯಾಂಡ್ ತುಂಬ ಜನ. ಫ್ಲೆಕ್ಸಿನ ಸರ್ವೆ ಕಂಬ ಹಿಡಿದು ಹತ್ತಿದೆ. ಕಂಬದ ಸಿಬರು ಅಂಗೈಗೆ ಚುಚ್ಚಿತು. ನನ್ನ ಗಲ್ಲದ ಕೆಳಗೆ ಕತ್ತರಿ ಇಟ್ಟೆ. ಕಾಲರ್ ಕತ್ತರಿಸಿ ರೂಢಿಯಾದ ಕೈ, ಅಂಚು ನೀಟಾಗಿ ಬಂತು. ಶಿವನಂಜಮ್ಮನನ್ನು ಮುಟ್ಟಲಿಲ್ಲ. ಶಿವಮಲ್ಲಪ್ಪನವರನ್ನೂ ಮುಟ್ಟಲಿಲ್ಲ. ನನ್ನ ಮುಖವಷ್ಟನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಇಳಿದೆ. ಮೇಲೆ ತೂತಿನಲ್ಲಿ ಆಕಾಶ ಕಾಣುತ್ತಿತ್ತು.

ಕೆಳಗೆ ಜನ ಮೊಬೈಲು ಹಿಡಿದಿದ್ದರು. ಒಬ್ಬ ಅಂದ, "ಉಚ್ಚಿ ಇರ್ಬೇಕು ಕಣ್ಲಾ." ಒಬ್ಬಳು ಅಜ್ಜಿ ಮಾತ್ರ ಅಂದಳು, "ಅವಳ್ ಮಕ ಅವಳ್ ತಗಂಡ್ಲು. ನಿಂಗೇನ್ಲಾ?"

ದೂರು ಕೊಟ್ಟವರು ಶಿವಮಲ್ಲಪ್ಪನವರು. ಫ್ಲೆಕ್ಸಿಗೆ ಹಣ ಹಾಕಿದವರು ಅವರಂತೆ. ಠಾಣೆಯಿಂದ ಫೋನ್ ಬಂತು. ಅಪ್ಪ ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡಿದ. ಅವ್ವ ರೇಷ್ಮೆ ಸೀರೆ ಉಟ್ಟಳು. ಮೂವರೂ ಹೋದೆವು. ಅಲ್ಲಿ ಡೈರೆಕ್ಟರ್, ಶಿವಮಲ್ಲಪ್ಪ ಕುರ್ಚಿಯಲ್ಲಿ ಕೂತಿದ್ದರು. ನಮಗೆ ಕೂರಿ ಅಂತ ಯಾರೂ ಹೇಳಲಿಲ್ಲ. ಅಪ್ಪ ಗೋಡೆಯ ಪಕ್ಕದ ಕುರ್ಚಿಗಳನ್ನು ಒಂದೊಂದಾಗಿ ತಂದು ಸಬ್ ಇನ್‌ಸ್ಪೆಕ್ಟರ್ ಮೇಜಿನ ಮುಂದೆ ಹಾಕಿದ. ಕೂತೆವು.

"ಬೇರೆಯವರ ಫ್ಲೆಕ್ಸ್ ಯಾಕಮ್ಮ ಕತ್ತರಿಸ್ದೆ?" ಅಂದರು ಸಬ್ ಇನ್‌ಸ್ಪೆಕ್ಟರ್.

"ಫ್ಲೆಕ್ಸ್ ಅವರ್ದು ಸರ್. ಮುಖ ನಂದು. ನಂದಷ್ಟೇ ತಗೊಂಡಿದ್ದೀನಿ."

"ಅವಳೇ ಪೋಸ್ ಕೊಟ್ಟಿದ್ದು ಸರ್," ಅಂದರು ಡೈರೆಕ್ಟರ್. ಆಮೇಲೆ ನನ್ನ ಕಡೆ ಬಗ್ಗಿ ಧ್ವನಿ ಇಳಿಸಿದರು. ಅದೇ ಬೆಣ್ಣೆ ಮತ್ತೆ. "ನೋಡಮ್ಮ, ಜಗಳ ಬೇಡ. ಕಂಪನಿಯವರು ನೋಡೋಕೆ ಬರ್ತಿದ್ದಾರೆ. ನಿನ್ನ ಸೀಟು ಹಾಗೇ ಇದೆ. ಅರ್ಧ ಫೀಸೂ ಹಾಗೇ. ಫೋಟೊ ಎಲ್ಲ ನಿನ್ನ ಒಪ್ಪಿಗೆಯಿಂದಲೇ ಹಾಕಿದ್ದು ಅಂತ ಇಲ್ಲೊಂದು ಸಹಿ ಹಾಕು. ಸೋಮವಾರದಿಂದ ಕ್ಲಾಸಿಗೆ ಬಾ. ಕಂಪ್ಲೇಂಟ್ ವಾಪಸ್ ತಗೊಳ್ತಾರೆ."

ಟೈಪು ಮಾಡಿದ ಹಾಳೆ ನನ್ನ ಮುಂದೆ ಬಂತು. ಪೆನ್ನೂ ಬಂತು.

"ಬುದ್ಧಿವಂತೆ ಹಂಗ್ ಕಾಣ್ತೀಯ. ಹಾಕ್ಬಿಡು," ಅಂದರು ಸಬ್ ಇನ್‌ಸ್ಪೆಕ್ಟರ್. ಅವರಿಗೆ ಬೇರೆ ಕೆಲಸವಿತ್ತು.

"ಇಂಥ ಚಾನ್ಸು ನಿಮ್ಮೋರ್ಗೆ ದಿನಾ ಸಿಗ್ತದಾ?" ಅಂದರು ಶಿವಮಲ್ಲಪ್ಪ.

ನನಗೆ ಆಸೆಯಾಯಿತು. ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಬಿಸಿಲಿಗೆ ಬೆಚ್ಚಗಿದ್ದ ಆ ರೆಕ್ಕೆ ನೆನಪಾಯಿತು. ಒಂದು ಸಹಿ. ಆಮೇಲೆ ನಾನು ಅಷ್ಟು ಎತ್ತರದಲ್ಲಿರುತ್ತೇನೆ, ಈ ಬೇಕರಿ, ಈ ಮಿಲ್ಲು, ಈ ಮನುಷ್ಯರು ಯಾರೂ ಕಣ್ಣಿಗೆ ಬೀಳದಷ್ಟು. ಪೆನ್ನಿನ ಮುಚ್ಚಳ ತೆಗೆದೆ. ಅಪ್ಪ ನೆಲ ನೋಡುತ್ತಿದ್ದ. ಹಾಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ.

ದೂರಿನ ಜೊತೆ ಮೇಜಿನ ಮೇಲಿದ್ದ ಫ್ಲೆಕ್ಸಿನ ಫೋಟೊವನ್ನು ಅವ್ವ ಎಳೆದುಕೊಂಡಳು.

"ಸಾ, ನಂದೊಂದ್ ಮಾತು. ಇಲ್ಲಿ ಕೆಳೀಕ್ ಕೂತವಳಲ್ಲ, ಈ ಯಮ್ಮ ಯಾರು?"

"ನಮ್ಮ ಸ್ಟಾಫೇ," ಅಂದರು ಡೈರೆಕ್ಟರ್. "ಆಯಾ."

"ಎಸ್ರು?"

ಡೈರೆಕ್ಟರ್ ಶಿವಮಲ್ಲಪ್ಪನವರ ಮುಖ ನೋಡಿದರು. ಅಲ್ಲಿ ಏನೂ ಬರೆದಿರಲಿಲ್ಲ.

"ಶಿವನಂಜಮ್ಮ," ಅಂದಳು ಅವ್ವ. "ನೀವ್ ಸಂಬ್ಳ ಕೊಡೋದು ಕಸ ಗುಡ್ಸಕ್ಕೆ. ನನ್ ಮಗ್ಳಿಗೆ ಅವ್ವ ಆಗಕ್ಕೆ ಅವಳ್ಗೆ ಏಟ್ ಕೊಟ್ರಿ?"

"ಅದಕ್ಕೆಲ್ಲ ದುಡ್ಡು ಕೊಡ್ತಾರೇನಮ್ಮ? ಸುಮ್ನೆ ಕೂತಿದ್ದಳು."

"ಅವಳ್ನ ಕೇಳಿದ್ರಾ?"

"ಕೆಲಸದವಳನ್ನ ಏನು ಕೇಳೋದು?"

ಈ ಮಾತು ಅವರ ಬಾಯಿಂದ ತಾನಾಗಿ ಬಂತು. ಆಡಿದ ಮೇಲೆ ಅವರಿಗೇ ಕೇಳಿಸಿತು. ಸಬ್ ಇನ್‌ಸ್ಪೆಕ್ಟರ್ ಕೂಡ ಫೋನಿನಿಂದ ತಲೆ ಎತ್ತಿದರು. ನನ್ನ ಆಸೆ ಅಲ್ಲೇ ಸತ್ತಿತು ಅಂತ ಹೇಳಲಾರೆ. ಅದು ಇತ್ತು, ಈಗಲೂ ಇದೆ. ಆದರೆ ಈ ಮನುಷ್ಯನ ಕೈಯಿಂದ ಆ ರೆಕ್ಕೆ ತೆಗೆದುಕೊಂಡರೆ ಅದನ್ನು ಮುಟ್ಟಿದಾಗೆಲ್ಲ ನನಗೆ ಶಿವನಂಜಮ್ಮನ ಮುಗಿದ ಕೈ ಕಾಣುತ್ತಿತ್ತು. ನನ್ನ ಕಣ್ಣು ಅಷ್ಟು ಚೆನ್ನಾಗಿದೆ.

ಹಾಳೆ ತಿರುಗಿಸಿದೆ. ಹಿಂಬದಿ ಖಾಲಿ ಇತ್ತು. ಬರೆದೆ: 'ಫ್ಲೆಕ್ಸಿಗೆ ನನ್ನ ಒಪ್ಪಿಗೆ ಇರಲಿಲ್ಲ. ಈಗಲೂ ಇಲ್ಲ. ನನ್ನ ಚಿತ್ರವನ್ನು ಎಲ್ಲ ಕಡೆಯಿಂದ ತೆಗೆಸಬೇಕು. ಕಟ್ಟಿದ ಬುಕಿಂಗ್ ಹಣ ಕೊಡಿಸಬೇಕು. ಕೇಳದೆ ನಮ್ಮ ತಾಯಿಯ ಕೈ ಹಿಡಿದು ತಿರುಗಿಸಿದವರ ಮೇಲೆ ಕ್ರಮ ಆಗಬೇಕು. ಶಿವನಂಜಮ್ಮನವರನ್ನು ಕರೆಸಿ ವಿಚಾರಿಸಬೇಕು.' ಕೆಳಗೆ ಸಹಿ ಹಾಕಿದೆ. ಅವರು ಕೇಳಿದ್ದೂ ಸಹಿಯನ್ನೇ. ಅವ್ವನಿಗೆ ಕೊಟ್ಟೆ. ಏಳನೇ ಕ್ಲಾಸಿನವರೆಗೆ ಓದಿದವಳು. ತುಟಿ ಆಡಿಸುತ್ತಾ ಪೂರ್ತಿ ಓದಿ ತಾನೂ ಸಹಿ ಹಾಕಿದಳು. ಅಪ್ಪ ಹಾಕಿದ.

"ಇದು ನನ್ನ ಕಂಪ್ಲೇಂಟ್ ಸರ್," ಅಂದೆ.

ಡೈರೆಕ್ಟರ್ ಎದ್ದು ನಿಂತರು. "ಈ ಜನ್ಮದಲ್ಲಿ ನೀನು ಪೈಲಟ್ ಆಗಲ್ಲ. ನಾನು ನೋಡ್ತೀನಿ, ಯಾವ ಶಾಲೆ ನಿನ್ನ ಸೇರಿಸ್ಕೊಳ್ಳುತ್ತೆ ಅಂತ."

ನಾನು ಆ ಕಡೆ ತಿರುಗಲಿಲ್ಲ.

"ಸರ್, ಕಂಪ್ಲೇಂಟ್ ತಗೊಂಡಿದ್ದಕ್ಕೆ ಹಿಂಬರಹ ಕೊಡಿ. ತಾರೀಖು, ಸೀಲು ಹಾಕಿ."

ಸಬ್ ಇನ್‌ಸ್ಪೆಕ್ಟರ್ ಹಾಳೆಯನ್ನು ಒಮ್ಮೆ ನೋಡಿದರು, ಡೈರೆಕ್ಟರನ್ನು ಒಮ್ಮೆ ನೋಡಿದರು. "ನಾಳೆ ಬನ್ನಿ" ಅಂದರು.

ಅಪ್ಪ ಕಾಲ ಮೇಲೆ ಕಾಲು ಹಾಕಿದ. ಜೀವಮಾನದಲ್ಲಿ ಯಾವ ಕಚೇರಿಯಲ್ಲೂ ಅವನು ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ. "ಇವತ್ ನೀರ್ ಬುಟ್ಟು ಬಂದಿವ್ನಿ ಸಾ, ಅವಸ್ರ ಇಲ್ಲ," ಅಂದ.

ಹಿಂಬರಹ ಕೈಗೆ ಬರುವವರೆಗೂ ನಾವು ಮೂವರೂ ಕುರ್ಚಿ ಬಿಟ್ಟು ಏಳಲಿಲ್ಲ.